ಗುರುತಿನ ಚಿಹ್ನೆ

ಸಾಗರದಿಂದ ವರದಹಳ್ಳಿ ಆಶ್ರಮಕ್ಕೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಒಳಗಿಳಿದರೆ ಒಂದು ಅಡಕೆ ತೋಟ. ತೋಟದ ತಲೆಗೆ ಮನೆ. ವೈಕುಂಠ ಸಮಾರಾಧನೆ ಮುಗಿದು ನೆಂಟರಿಷ್ಟರೆಲ್ಲ ಹೊರಟಾಗಿದೆ. ಜಗುಲಿಯ ಮೇಲೆ ಕಪ್ಪು ತಗಡಿನ ಟ್ರಂಕು. ಅದರ ಆ ಕಡೆ ತೀರಿಹೋದವನ ತಮ್ಮ, ಈ ಕಡೆ ಮಗಳು. ಕುಟುಂಬ ಪಿಂಚಣಿಯ ಅರ್ಜಿ ನಾಳೆ ಪೇಟೆಗೆ ಹೋಗಬೇಕು.

— ಚಿಕ್ಕಪ್ಪ, ಇದರ ಬೀಗದ ಕೈ ಎಲ್ಲಿ?

— ಅದಕ್ಕೆ ಬೀಗ ಹಾಕಿದ್ದೇ ಇಲ್ಲ ಕೂಸೇ. ಚಿಲಕಕ್ಕೆ ಹಗ್ಗ ಕಟ್ಟಿದ್ದಾನೆ ನೋಡು. ಜಗ್ಗಬೇಡ, ಜಗ್ಗಿದಷ್ಟೂ ಬಿಗೀತದೆ. ಮೇಲಿನ ಸುತ್ತನ್ನ ಹೆಬ್ಬೆರಳಿನಿಂದ ಹಿಂದಕ್ಕೆ ನೂಕು. ಬಂತಾ? ಅಣ್ಣಯ್ಯ ಹಾಕಿದ ಗಂಟೆಲ್ಲ ಹಾಗೇ. ಒಂದು ಕೊನೆ ಅಡಕೆ ನೇತುಹಾಕು, ಜಾರೂದಿಲ್ಲ. ಬಿಚ್ಚೋಕೆ ಮಾತ್ರ ಮಕ್ಕಳ ಬೆರಳು ಸಾಕು. ನಮ್ಮ ಕೊನೆಗೌಡ ಅವನ ಹತ್ತಿರ ಕಲಿತು, ಈಗ ಊರಿಗೆಲ್ಲ ಕಲಿಸಿ 'ಮಿಲಿಟರಿ ಗಂಟು' ಅಂತಾನೆ.

— ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರು ಇದೆ. ಕೆಳಗೆ ಬರೆದದ್ದು ಅರ್ಧ ಅಳಿಸಿದೆ. ಪೆಟ್ಟಿ ಆಫೀಸರ್ ಅಂತ ಇರಬೇಕು.

— ಆ ಹೆಸರಿನ ಕತೆ ಗೊತ್ತುಂಟಲ್ಲ? ಪ್ರಮೋಶನ್ ಆಯ್ತು ಅಂತ ಕಾಗದ ಬರೆದ. ಅಜ್ಜ ಓದಿಕೊಂಡು, 'ಮಾಣಿಗೆ ಪೆಟ್ಟಿಗೆ ಕಾಯೋ ಕೆಲಸ ಕೊಟ್ಟಿದ್ದಾರೆ' ಅಂತ ಬೇಜಾರು ಮಾಡಿಕೊಂಡ್ರು. ಮುಂದಿನ ರಜಕ್ಕೆ ಈ ಟ್ರಂಕು ಹೊತ್ತುಕೊಂಡು ಬಂದನಲ್ಲ, ಊರವರಿಗೂ ಅನುಮಾನ ಉಳೀಲಿಲ್ಲ.

— ಅರ್ಜಿಯಲ್ಲಿ ಸೇವೆಯ ಅವಧಿ ಕೇಳಿದ್ದಾರೆ. 1964ರಿಂದ 1979. ಹದಿನೈದು ವರ್ಷ. ಹದಿನೆಂಟಕ್ಕೆ ಹೋಗಿ ಮೂವತ್ತಮೂರಕ್ಕೆ ನಿವೃತ್ತ! ಅಂದರೆ ಅಪ್ಪಯ್ಯ ನೌಕರಿ ಮಾಡಿದ್ದಕ್ಕಿಂತ ಮೂರು ಪಟ್ಟು ಕಾಲ ನಿವೃತ್ತನಾಗಿದ್ದ.

— ಮತ್ತೆ ಜನ ಅವನನ್ನ ಕೊನೇವರೆಗೂ 'ನೇವಿಯವರು' ಅಂತಲೇ ಕರೆದರು. ನಲವತ್ತಾರು ವರ್ಷ ಈ ತೋಟದಲ್ಲಿ ಮಣ್ಣು ಹೊತ್ತ, ಸೊಪ್ಪು ಹೊತ್ತ. 'ತೋಟದವರು' ಅಂತ ಒಬ್ಬನೂ ಕರೀಲಿಲ್ಲ. ಪೇಪರಿನವರು ಕೂಡ ಡಿಸೆಂಬರ್ ನಾಲ್ಕು ಬಂತು ಅಂದರೆ ಮಾತ್ರ ಇವನನ್ನ ನೆನಪು ಮಾಡಿಕೊಳ್ತಿದ್ರು.

— ಕರಾಚಿ ಮೇಲೆ ದಾಳಿ ಮಾಡಿದ ದಿನ, ಅದಕ್ಕೇ ನೌಕಾಪಡೆ ದಿನ. ಬಂದವರೆಲ್ಲ ಯುದ್ಧದ ಅನುಭವ ಹೇಳಿ ಅನ್ನೋರು. ಅಪ್ಪಯ್ಯನದು ಒಂದೇ ಉತ್ತರ: 'ಬಹಳ ಸೆಕೆ ಇತ್ತು.' ಅವರಿಗೆ ಬರಕೊಳ್ಳೋಕೆ ಏನೂ ಸಿಕ್ತಿರಲಿಲ್ಲ.

— ಅವನು ನಿಜವನ್ನೇ ಹೇಳ್ತಿದ್ದ. ಹಡಗಿನಲ್ಲಿದ್ದ ಅಂದರೆ ನೀವೆಲ್ಲ ಅವನು ಮೇಲೆ ನಿಂತು ಗಾಳಿ ಕುಡೀತಿದ್ದ ಅಂದುಕೊಳ್ತೀರಿ. ಅವನಿದ್ದದ್ದು ತಳದಲ್ಲಿ, ಬಾಯ್ಲರ್ ಕೋಣೆಯಲ್ಲಿ. ನೀರಿನ ಮಟ್ಟಕ್ಕಿಂತ ಕೆಳಗೆ. ನಾಲ್ಕು ತಾಸು ಪಾಳಿ, ಮತ್ತೆ ಮೇಲೆ ಬಂದು ನಿದ್ದೆ, ಮತ್ತೆ ಕೆಳಗೆ. 'ಸಮುದ್ರ ಹೇಗಿರ್ತದೆ' ಅಂತ ನಾನು ಕೇಳಿದ್ದೆ. 'ಗೇಜಿನಲ್ಲಿ ಮುಳ್ಳು ಅಲ್ಲಾಡ್ತದಲ್ಲ, ಅಷ್ಟು' ಅಂದ.

— ತರಬೇತಿ ಲೋನಾವಳದಲ್ಲಿ ಆಗಿದ್ದು ಅಲ್ಲವಾ?

— ಹೌದು, ಐಎನ್‌ಎಸ್ ಶಿವಾಜಿ. ಹೆಸರು ಹಡಗಿನದು, ಇರೋದು ಘಟ್ಟದ ಮೇಲೆ. ನಾನು ಮೊದಲು ಕೇಳಿದಾಗ ನಂಬಲಿಲ್ಲ. ನೌಕಾಪಡೆಯವರು ದಡದ ಮೇಲಿನ ಠಾಣೆಗೂ ಹಡಗಿನ ಹೆಸರೇ ಇಡ್ತಾರಂತೆ. ಅಲ್ಲಿನ ಮಳೆ ನಮ್ಮ ಪುಷ್ಯ ಮಳೆ ಹಾಗೇ ಅಂತೆ. ಪಂಜಾಬಿನ, ರಾಜಸ್ಥಾನದ ಹುಡುಗರು ಮಳೆ ನೋಡಿ ಅಳೋ ಹೊತ್ತಿಗೆ ಇವನು ಊರಿಗೆ ಬಂದವನ ಹಾಗೆ ಇದ್ದನಂತೆ.

— ಅಜ್ಜ ಹೋಗೋಕೆ ಬಿಟ್ಟದ್ದೇ ಆಶ್ಚರ್ಯ. ಬೆಳಗಾದರೆ ಸಂಧ್ಯಾವಂದನೆ, ರುದ್ರ. ಸಮುದ್ರ ದಾಟಿದವನಿಗೆ ಪಂಕ್ತಿಯಲ್ಲಿ ಜಾಗ ಇಲ್ಲ ಅಂತಿದ್ದ ಕಾಲ.

— ಬಿಟ್ಟದ್ದಲ್ಲ. ಮನೆಯಲ್ಲಿ ಹದಿನಾಲ್ಕು ಜನ, ತೋಟ ಎರಡು ಎಕರೆ, ಮೇಲೆ ಎರಡು ವರ್ಷ ಸತತ ಕೊಳೆರೋಗ. ಹಸಿವಿಗೆ ಶಾಸ್ತ್ರ ಗೊತ್ತಿರೂದಿಲ್ಲ. ಪ್ರತಿ ಸಲ ರಜಕ್ಕೆ ಬಂದಾಗ ಪಂಚಗವ್ಯ ಕುಡಿಸಿ, ಹೊಸ ಜನಿವಾರ ಹಾಕಿಸಿ ಒಳಗೆ ಕರಕೊಳ್ತಿದ್ರು. ನಾಲ್ಕೈದು ವರ್ಷ ನಡೀತು. ಒಂದು ಸಲ ನಮ್ಮ ಅಮ್ಮ, ಅಂದರೆ ನಿನ್ನ ಅಜ್ಜಿ, ಹಡಗಿನಲ್ಲಿ ಎಂತ ತಿಂತೀಯೋ ಅಂತ ಕೇಳೇಬಿಟ್ಟಳು. ಇವನು, 'ಬೆಂಕಿ ಮುಂದೆ ನಿಂತವನಿಗೆ ಎಂತ ತಿಂದೆ ಅಂತ ಕೇಳಬಾರದು ಅಮ್ಮ, ಎಷ್ಟು ತಿಂದೆ ಅಂತ ಕೇಳು' ಅಂದ. ಆಮೇಲೆ ಆ ಮಾತು ಮನೆಯಲ್ಲಿ ಎದ್ದೇ ಇಲ್ಲ. ಪಂಚಗವ್ಯವೂ ನಿಂತಿತು.

— ಈ ಪೊಟ್ಟಣದಲ್ಲೇನು? ಕಪ್ಪು ರಿಬ್ಬನ್ನು... ಹಳದಿ ಅಕ್ಷರ ಇದೆ.

— ಟೋಪಿಗೆ ಕಟ್ಟೋ ಪಟ್ಟಿ. ಓದು.

— ಐಎನ್‌ಎಸ್ ಮೈಸೂರು!

— ಅದೇ ಅವನ ಹಡಗು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರದ್ದಾಗಿತ್ತು, 'ನೈಜೀರಿಯಾ' ಅಂತ ಹೆಸರಿತ್ತು. ನಮ್ಮವರು ಕೊಂಡುಕೊಂಡು 1957ರಲ್ಲಿ ಮೈಸೂರು ಅಂತ ಹೆಸರಿಟ್ಟರು. ಹಡಗಿನ ಲಾಂಛನ ಗಂಡಭೇರುಂಡ. ಧ್ಯೇಯವಾಕ್ಯ ತೈತ್ತಿರೀಯ ಉಪನಿಷತ್ತಿನದು, ಯಾವತ್ತೂ ಹೆದರದವ ಅನ್ನೋ ಅರ್ಥದ್ದು. ಅಜ್ಜನಿಗೆ ಅದನ್ನ ಹೇಳಿದ ದಿನ ಅವರ ಮುಖ ನೋಡಬೇಕಿತ್ತು. ದಿನಾ ತಾವು ಹೇಳೋ ಮಂತ್ರ ಫಿರಂಗಿ ಹಡಗಿನ ಮೇಲೆ ಬರೆದಿದೆ! ಆವತ್ತಿನಿಂದ ಮಗ ಹಡಗಿಗೆ ಹೋಗಿದ್ದಾನೆ ಅನ್ನೋದು ಬಿಟ್ಟು, 'ಮೈಸೂರಿನಲ್ಲಿದ್ದಾನೆ' ಅನ್ನೋಕೆ ಶುರು ಮಾಡಿದ್ರು. ಕೇಳಿದವರು ಅರಮನೆಯಲ್ಲಿ ಕೆಲಸ ಅಂದುಕೊಳ್ತಿದ್ರು.

— ಇನ್ನೊಂದು ಸ್ವಾರಸ್ಯ ನೋಡು. ಅಪ್ಪಯ್ಯ ಸೇರಿದಾಗ ನಮ್ಮ ರಾಜ್ಯದ ಹೆಸರೂ ಮೈಸೂರೇ. 1973ರ ನವೆಂಬರಿನಲ್ಲಿ ರಾಜ್ಯ ಕರ್ನಾಟಕ ಆಯಿತು, ಹಡಗು ಮೈಸೂರಾಗೇ ಉಳೀತು.

— ಆ ವರ್ಷದ್ದು ನನಗೆ ನೆನಪಿರೋದು ಬೇರೆ. ಏಪ್ರಿಲಿನಲ್ಲಿ ಆಶ್ರಮದ ಶ್ರೀಧರ ಸ್ವಾಮಿಗಳು ಇಲ್ಲೇ ಮಹಾಸಮಾಧಿ ಆದರು. ಊರಿಗೆ ಊರೇ ಗುಡ್ಡ ಹತ್ತಿತ್ತು. ಅಜ್ಜ ಅಣ್ಣಯ್ಯನಿಗೆ ಕಾಗದ ಬರೆದ್ರು. ಬೊಂಬಾಯಿಯ ಫ್ಲೀಟ್ ಮೇಲ್ ಆಫೀಸಿಗೆ ಹಾಕಬೇಕು, ಅಲ್ಲಿಂದ ಹಡಗು ಎಲ್ಲಿದೆಯೋ ಅಲ್ಲಿಗೆ ಹೋಗಬೇಕು. ಇವನಿಗೆ ಮುಟ್ಟೋ ಹೊತ್ತಿಗೆ ಇಲ್ಲಿ ಮಳೆಗಾಲ ಹಿಡಿದಾಗಿತ್ತು. ಅವನಿಗೆ ಈ ಮನೆಯ ಸುದ್ದಿ ಯಾವತ್ತೂ ಒಂದು ಋತು ತಡ. ನೀನು ಹುಟ್ಟಿದ್ದೂ ಹಾಗೇ. ನಿನಗೆ ಹೆಸರಿಟ್ಟು ತೊಟ್ಟಿಲಿಗೆ ಹಾಕಿದ ಮೇಲೆ, 'ಹೆರಿಗೆಗೆ ತವರಿಗೆ ಕಳಿಸುವುದು ಒಳ್ಳೆಯದು' ಅಂತ ಅವನ ಕಾಗದ ಬಂತು.

— ಇಲ್ಲಿವೆ ಆ ಇನ್‌ಲ್ಯಾಂಡ್ ಲೆಟರುಗಳು. ಎಲ್ಲ ಅಜ್ಜನ ಹೆಸರಿಗೆ. 'ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು.' ಕೊನೆಗೆ, 'ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.' ಅಮ್ಮನಿಗೆ ಅಂತ ಒಂದು ಸಾಲೂ ಇಲ್ಲ. ಮದುವೆಯಾದ ಮೇಲಿನ ಎಂಟು ಒಂಬತ್ತು ವರ್ಷ ಅವಳು ಆ 'ಎಲ್ಲರೂ' ಒಳಗೆ ಇದ್ದಳು.

— ಆಗ ಹಾಗೇ ಕೂಸೇ. ಅಪ್ಪನ ಎದುರಿಗೆ ಹೆಂಡತಿಗೆ ಕಾಗದ ಬರೆಯೋದಾ? ಆದರೆ ಪ್ರತಿ ಕಾಗದದಲ್ಲೂ, 'ಬಾವಿಯ ರಾಟೆಗೆ ಎಣ್ಣೆ ಹಾಕಿ' ಅಂತ ಒಂದು ಮಾತು ಇರ್ತಿತ್ತು ನೋಡು. ನೀರು ಸೇದ್ತಿದ್ದವಳು ಅತ್ತಿಗೆ. ರಾಟೆ ಬಿಗಿಯಾಗಿತ್ತು. ಹೋದ ರಜದಲ್ಲಿ ಅವಳ ಕೈ ನೋಡಿರಬೇಕು. ನಾನು ಪೆದ್ದ, ರಾಟೆಗೆ ಎಣ್ಣೆ ಹಾಕಿ ಹಾಕಿ ಸುಮ್ಮನಾಗ್ತಿದ್ದೆ. ಎಷ್ಟೋ ವರ್ಷದ ಮೇಲೆ ಹೊಳೀತು.

— ... ಅರ್ಜಿಗೆ ಬರೋಣ. ಯುದ್ಧದಲ್ಲಿ ಭಾಗಿ? ಹೌದು, 1971. ನಿನಗೆ ಆಗ ಇಪ್ಪತ್ತೊಂದು. ಇಲ್ಲಿ ಹೇಗಿತ್ತು?

— ನಮ್ಮ ಕೇರಿಯಲ್ಲಿ ಒಂದೇ ರೇಡಿಯೋ. ಸಂಜೆ ವಾರ್ತೆಗೆ ಎಲ್ಲ ಅಲ್ಲಿ. ಪಶ್ಚಿಮದ ಹಡಗುಪಡೆಗೆ ಮೈಸೂರೇ ಮುಖ್ಯ ಹಡಗು, ದಂಡನಾಯಕರು ಇದ್ದದ್ದೇ ಅದರಲ್ಲಿ. ಅದು ನಮಗೆ ಆಗ ಗೊತ್ತಿರಲಿಲ್ಲ, ಗೊತ್ತಿಲ್ಲದ್ದೇ ಒಳ್ಳೆಯದಾಯ್ತು. ಡಿಸೆಂಬರ್ ಒಂಬತ್ತರ ರಾತ್ರಿ ದಿಯು ಹತ್ತಿರ 'ಖುಕ್ರಿ' ಮುಳುಗಿತು. ಪಾಕಿಸ್ತಾನದ ಸಬ್‌ಮೆರಿನ್ನು ಹೊಡೆದದ್ದು. ಹದಿನೆಂಟು ಅಧಿಕಾರಿಗಳು, ನೂರಾ ಎಪ್ಪತ್ತಾರು ನಾವಿಕರು. ಕ್ಯಾಪ್ಟನ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ ಅಂತ ಆಮೇಲೆ ಓದಿದೆವು. ಆದರೆ ಊರಿಗೆ ಮೊದಲು ಬಂದದ್ದು ಇಷ್ಟೇ: 'ನಮ್ಮದೊಂದು ಹಡಗು ಹೋಯಿತಂತೆ.' ಯಾವುದು ಅಂತ ಹೇಳೋರಿಲ್ಲ. ಅಜ್ಜ ಅವತ್ತಿನಿಂದ ದಿನಾ ನಡಕೊಂಡು ಸಾಗರದ ಪೋಸ್ಟಾಫೀಸಿಗೆ ಹೋಗೋಕೆ ಶುರು ಮಾಡಿದ್ರು. ಹೋಗೋದು, ಬಾಗಿಲ ಹತ್ತಿರ ನಿಲ್ಲೋದು, ಬರೋದು. ಒಳಗೆ ಹೋಗಿ ಕೇಳ್ತಿರಲಿಲ್ಲ. ಕೇಳಿದರೆ ಉತ್ತರ ಬಂದುಬಿಡ್ತದಲ್ಲ.

— ಅಮ್ಮ?

— ಅತ್ತಿಗೆ ಅಡಕೆ ಸುಲೀತಿದ್ದಳು. ಸುಗ್ಗಿ ಅಲ್ಲವಾ, ರಾತ್ರಿ ಎರಡರವರೆಗೂ ಮೆಟ್ಟುಗತ್ತಿ ಮುಂದೆ. ಮದುವೆಯಾಗಿ ಒಂದು ವರ್ಷ ಆಗಿತ್ತು, ಗಂಡನ ಜೊತೆ ಇದ್ದದ್ದು ಎಲ್ಲ ಸೇರಿ ಎರಡು ತಿಂಗಳು. ಜನವರಿಯಲ್ಲಿ ಕಾಗದ ಬಂತು. ಇದೇ ಇರಬೇಕು, ಕೊಡು. 'ನಾನು ಕ್ಷೇಮ. ತೋಟದ ಕೆಳಗಿನ ಕಾಲುವೆ ಬಿಡಿಸಿದಿರಾ? ಬಾವಿಯ ರಾಟೆಗೆ ಎಣ್ಣೆ ಹಾಕಿ.' ಯುದ್ಧದ ಮಾತೇ ಇಲ್ಲ. ಬರೆದರೂ ಕತ್ತರಿ ಹಾಕ್ತಿದ್ರೇನೋ.

— ಕಾರವಾರಕ್ಕೆ ಹೋದದ್ದು ನೆನಪಾಗ್ತದೆ. ಟಾಗೋರ್ ಕಡಲತೀರದಲ್ಲಿ 'ಚಪಲ್' ಅಂತ ಹಳೆಯ ಕ್ಷಿಪಣಿ ದೋಣಿಯನ್ನ ದಡಕ್ಕೆ ತಂದು ಮ್ಯೂಸಿಯಂ ಮಾಡಿದ್ದಾರಲ್ಲ. ನಾವೆಲ್ಲ ಕ್ಷಿಪಣಿ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ಅಪ್ಪಯ್ಯ ಸೀದಾ ಎಂಜಿನ್ ಇದ್ದ ಕಡೆ ಹೋಗಿ ಬಗ್ಗಿ ನೋಡಿದ. 'ಡೀಸೆಲ್' ಅಂದ, ಸಂಬಂಧ ನೋಡೋಕೆ ಹೋದವರು 'ಗೋತ್ರ ಕೂಡೂದಿಲ್ಲ' ಅಂತಾರಲ್ಲ, ಹಾಗೆ. ಅವನದು ಹಬೆಯ ವಂಶ. ಆಮೇಲೆ ಅಮ್ಮನನ್ನ ಕರಕೊಂಡು ನೀರಿನ ಅಂಚಿಗೆ ಹೋಗಿ ನಿಂತ. ಅಮ್ಮ ಸೆರಗು ಎತ್ತಿ ಹಿಡಿದುಕೊಂಡು, 'ಇಷ್ಟೇನಾ?' ಅಂತ ಕೇಳಿದಳು. 'ಇಷ್ಟೇ' ಅಂದ.

— ಬಾಯ್ಲರಿನವ ಅಂತ ನನಗೆ ಸರಿಯಾಗಿ ಅರ್ಥ ಆದದ್ದು ಅವನು ಊರಿಗೆ ಬಂದ ಮೇಲೆ. ಮೊದಲ ವರ್ಷದ ಸುಗ್ಗಿ. ಅಡಕೆ ಬೇಯಿಸೋ ಹಂಡೆ ಒಲೆ ಹೊಗೆ ಉಗುಳ್ತಿತ್ತು, ನಮಗೆ ಅದು ಅಭ್ಯಾಸ. ಇವನು ಅಂಗಳದಲ್ಲಿ ನಿಂತು ಮಾಡಿನ ಮೇಲಿನ ಹೊಗೆ ನೋಡಿದ. 'ಕಪ್ಪು ಹೊಗೆ ಅಂದರೆ ಗಾಳಿ ಸಾಲದು. ಬಿಳಿ ಹೊಗೆ ಅಂದರೆ ಗಾಳಿ ಹೆಚ್ಚು. ಎರಡೂ ಕಟ್ಟಿಗೆ ದಂಡ. ಹೊಗೆ ಕಂಡೂ ಕಾಣದ ಹಾಗಿರಬೇಕು' ಅಂದ. ಯುದ್ಧದ ಹೊತ್ತಿನಲ್ಲಿ ಹಡಗು ಹೊಗೆ ಬಿಟ್ಟರೆ ಮೈಲಿಗಟ್ಟಲೆ ದೂರದ ವೈರಿಗೆ ಗುರುತು ಸಿಕ್ಕಿತು ಅಂತಲೇ ಲೆಕ್ಕವಂತೆ. ಒಲೆಯ ಬುಡ ಒಡೆದು, ಕೆಳಗಿಂದ ಗಾಳಿ ಕಿಂಡಿ ಬಿಟ್ಟು, ಕಿಂಡಿಗೆ ಹೆಂಚಿನ ಚೂರಿನ ಬಾಗಿಲು ಮಾಡಿದ. ಕಟ್ಟಿಗೆ ಅರ್ಧಕ್ಕರ್ಧ ಇಳೀತು. ಎರಡು ಮೂರು ವರ್ಷದ ಮೇಲೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರ 'ಅಸ್ತ್ರ ಒಲೆ' ಹಳ್ಳಿಹಳ್ಳಿಗೆ ಬಂತಲ್ಲ, ಅದನ್ನ ನೋಡೋಕೆ ಹೋಗಿ ಒಳಗೆ ಕೈ ಹಾಕಿ ತಡಕಿ, 'ಇವರಿಗೆ ಗೊತ್ತುಂಟು' ಅಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

— ನಾನು ಕೇಳಿದ್ದು ಬರೀ ಬೈಗುಳ. ಅಥವಾ ಬೈಗುಳ ಅಂದುಕೊಂಡದ್ದು. ಐದು ವರ್ಷದವಳಿದ್ದೆ. ಗಡ್ಡದ ಗಂಡಸೊಬ್ಬ ಬಂದು ಜಗುಲಿಯಲ್ಲಿ ಕೂತು, 'ಬಾ ಇಲ್ಲಿ!' ಅಂತ ಕೂಗಿದ. ನಾನು ಓಡಿಹೋಗಿ ಕೊಟ್ಟಿಗೆಯಲ್ಲಿ ಅಡಗಿದೆ. ಮೂರು ದಿನ ಹತ್ತಿರ ಹೋಗಲಿಲ್ಲ. ಅವನಿಗೆ ಕಿವಿ ಮಂದ ಆಗಿದೆ, ಆ ಯಂತ್ರದ ಸದ್ದಿನಲ್ಲಿ ಹಾಳಾಗಿದೆ, ಅದಕ್ಕೇ ಗಟ್ಟಿಯಾಗಿ ಮಾತಾಡ್ತಾನೆ ಅಂತ ಯಾರೂ ಹೇಳಲೇ ಇಲ್ಲ. ನಾನು ತಿಳಿದುಕೊಂಡದ್ದು ಹೈಸ್ಕೂಲಿಗೆ ಬಂದ ಮೇಲೆ. ನೋಡು, ಸೈನಿಕರ ಬಗ್ಗೆ ಬರೆಯೋರೆಲ್ಲ ಮನೆಯಿಂದ ಹೋಗೋದರ ಕಷ್ಟ ಬರೀತಾರೆ. ವಾಪಸು ಬರೋದರ ಕಷ್ಟ ಯಾರೂ ಬರೆಯೂದಿಲ್ಲ. ಬಂದವನಿಗೂ ಕಷ್ಟ, ಮನೆಯವರಿಗೂ ಕಷ್ಟ. ಬೆಳಗಿನ ಜಾವ ಮೂರೂಮುಕ್ಕಾಲಿಗೆ ಎದ್ದು ಅವನೇ ಚಹಾ ಮಾಡಿಕೊಂಡು ಕತ್ತಲಲ್ಲಿ ಕೂತಿರ್ತಿದ್ದ, ನಾಲ್ಕರ ಪಾಳಿಗೆ ಹೋಗೋನ ಹಾಗೆ.

— ನೀನು ಹೇಳಿದೆಯಲ್ಲ, ನಾನೂ ಒಂದು ಹೇಳ್ತೇನೆ. ಯಾರಿಗೂ ಹೇಳಿದ್ದಲ್ಲ. ಅವನು ನೌಕರಿ ಮುಗಿಸಿ ಬರ್ತಾನೆ ಅಂದಾಗ ನನಗೆ ಖುಷಿ ಆಗಲಿಲ್ಲ. ಹೆದರಿಕೆ ಆಯ್ತು. ಹದಿನೈದು ವರ್ಷ ತೋಟ ನೋಡಿದವ ನಾನು. ಹಿರಿಯವ ಬಂದ, ಇನ್ನು ಹಿಸ್ಸೆ ಕೇಳ್ತಾನೆ ಅಂತ ರಾತ್ರಿ ನಿದ್ದೆ ಇಲ್ಲ. ಮಾಜಿ ಸೈನಿಕರಿಗೆ ಬ್ಯಾಂಕಿನಲ್ಲಿ ಕೆಲಸ ಸಿಗ್ತದೆ, ಸೇರಿಕೋ ಅಂತ ಮುದ್ದಾಂ ಪೇಪರ್ ಕತ್ತರಿಸಿ ಅವನ ಎದುರಿಗೆ ಇಟ್ಟಿದ್ದೆ. ಅವನು ಓದಿ, ಮಡಚಿ, ಕಿಸೆಗೆ ಹಾಕಿಕೊಂಡ. ಮರುದಿನ ಕೊನೆ ಕೊಯ್ಲು. ತೋಟಕ್ಕೆ ಬಂದು, 'ನಿನಗೆ ಯಾವ ಕೆಲಸಕ್ಕೆ ಜನ ಕಮ್ಮಿ' ಅಂತ ಕೇಳಿದ. ನೇಣು ಹಿಡಿಯೋಕೆ ಅಂದೆ. ಹಿಡಿದ. ಕೊನೆಗೌಡ ಮರದ ತಲೆಯಿಂದ ಕೊನೆ ಬಿಟ್ಟರೆ, ಹಗ್ಗದ ಮೇಲೆ ಜಾರಿ ಬರೋದನ್ನ ಒಂದು ಕಾಯಿ ಉದುರದ ಹಾಗೆ ತಡೀತಿದ್ದ. ಹಗ್ಗ ಎಷ್ಟು ಬಿಗೀಬೇಕು, ಎಷ್ಟು ಸಡಿಲಿಸಬೇಕು, ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮಂಡಿಗೆ ಅಡಕೆ ಹೋಗೋದು ನನ್ನ ಹೆಸರಲ್ಲೇ ಮುಂದುವರೀತು. ಹಿಸ್ಸೆ ಮಾತು ಅವನ ಬಾಯಲ್ಲಿ ಬರಲಿಲ್ಲ, ಸಾಯೋವರೆಗೂ.

— ಗದ್ದೆಯ ವಿಷಯವೂ ಇತ್ತಲ್ಲ?

— ಅದು ನನಗೆ ಅವನ ಮೇಲೆ ಇದ್ದ ಸಿಟ್ಟು, ಈಗಲೂ ಒಂದು ಚೂರು ಉಂಟು. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಗದ್ದೆ ಹೋಯ್ತು. ಕಾಗೋಡು ಸತ್ಯಾಗ್ರಹ ನಡೆದ ಸೀಮೆ ನಮ್ಮದು, 1951ರಿಂದ ಆ ಗಾಳಿ ಬೀಸ್ತಾನೇ ಇತ್ತು. ಆದರೆ ಸೈನಿಕರಿಗೆ, ನಾವಿಕರಿಗೆ ಕಾನೂನಿನಲ್ಲಿ ಬೇರೆ ಕಲಮು ಇತ್ತು. ಅರ್ಜಿ ಹಾಕಿ ತನ್ನ ಪಾಲಿನದನ್ನ ಉಳಿಸಿಕೋಬಹುದಿತ್ತು. ಫಾರಂ ತುಂಬಿ ಕಳಿಸು ಅಂತ ಎರಡು ಕಾಗದ ಹಾಕಿದೆ. ಉತ್ತರ ಬಂತು: 'ಆ ಗದ್ದೆಗೆ ನಾನು ಇಳಿದಿಲ್ಲ. ಇಳಿದವರಿಗೆ ಇರಲಿ. ರಾಟೆಗೆ ಎಣ್ಣೆ ಹಾಕಿ.' ಮೊನ್ನೆ ಹೆಣ ಹೊರೋಕೆ ಬಂದವರಲ್ಲಿ ಆ ಗದ್ದೆಯವನ ಮಗ ಇದ್ದ. ನೋಡಿ ಸಿಟ್ಟು ಇಳೀತು ಅಂತ ಹೇಳಿದರೆ ಸುಳ್ಳಾಗ್ತದೆ. ನಾಲ್ಕು ಎಕರೆ ನಾಲ್ಕು ಎಕರೆಯೇ.

— ಸೇತುವೆ ನೋಡೋಕೆ ಕರಕೊಂಡು ಹೋದದ್ದೇ ಕೊನೆಯ ಪ್ರಯಾಣ ಆಯ್ತು. ಹೋದ ಜುಲೈನಲ್ಲಿ ಸಿಗಂದೂರು ಸೇತುವೆ ಉದ್ಘಾಟನೆ ಆದ ವಾರ. ಎರಡು ಕಿಲೋಮೀಟರಿಗೂ ಉದ್ದ, ತಂತಿ ಬಿಗಿದ ಕಂಬಗಳು, ಜನ ಜಾತ್ರೆ. ಅಪ್ಪಯ್ಯ ಕಾರಿನ ಕಿಟಕಿಯಿಂದ ಶರಾವತಿ ಹಿನ್ನೀರು ನೋಡಿ, 'ಲಾಂಚು ಎಲ್ಲಿ?' ಅಂದ.

— ಲಾಂಚಿನಲ್ಲಿ ಅವನ ಜೊತೆ ಹೋದವರಿಗೇ ಗೊತ್ತು ಅದರ ಸಂಕಟ! ಬಸ್ಸು, ಕಾರು, ಮದುವೆ ದಿಬ್ಬಣ ಎಲ್ಲ ತುಂಬಿಸಿಕೊಂಡು ಹೊರಟರೆ, ಇವನು ದೇವಿಗೆ ಕೈ ಮುಗಿಯೋದು ಬಿಟ್ಟು ಲೈಫ್ ಜಾಕೆಟ್ ಎಣಿಸ್ತಿದ್ದ. ಕಡಿಮೆ ಇದ್ದರೆ ನಡೆಸೋನ ಹತ್ತಿರ ಹೋಗಿ ಹೇಳೋನು. ಅದೂ ಆ ದನಿಯಲ್ಲಿ! ಇಡೀ ಲಾಂಚು ತಿರುಗಿ ನೋಡೋದು. 'ಸಾಗರದವನಿಗೆ ಹೊಳೆ ಕಂಡರೆ ಹೆದರಿಕೆ' ಅಂತ ಯಾರೋ ನಕ್ಕಿದ್ರು. 'ಹೆದರಿಕೆ ಇದ್ದವರು ವಾಪಸು ಬಂದಿದ್ದಾರೆ' ಅಂದ.

— ಸಿಕ್ಕಿತು ಚಿಕ್ಕಪ್ಪ! ಸೇವಾ ಪುಸ್ತಕ. ಹಾಳೆ ಹಳದಿಯಾಗಿದೆ. ಹೆಸರು, ತಂದೆಯ ಹೆಸರು, ಎತ್ತರ ಐದಡಿ ಆರಂಗುಲ, ಕಣ್ಣು ಕಂದು. ಗುರುತು, ಗಾಯ, ಕಲೆ... 'ಎಡಗೈಯಲ್ಲಿ, ಮೊಣಕೈ ಕೆಳಗೆ, ಸುಟ್ಟ ಕಲೆ.' ತಾರೀಕು... ಇದೇನಿದು?

— ಎಂತ?

— 1964. ಸೇರಿದ ದಿನ ಬರೆದದ್ದು. ಯುದ್ಧಕ್ಕಿಂತ ಏಳು ವರ್ಷ ಮೊದಲು! ಆ ಕಲೆ ಹಡಗಿನಲ್ಲಿ ಆದದ್ದಲ್ಲವಾ? ಯುದ್ಧದಲ್ಲಿ ಹಬೆ ತಾಗಿ ಸುಟ್ಟದ್ದು ಅಂತ ನಾನು ಶಾಲೆಯಲ್ಲಿ ಭಾಷಣ ಮಾಡಿ ಬಹುಮಾನ ತಗೊಂಡಿದ್ದೇನೆ! ಬಹುಮಾನದ ಲೋಟ ಈಗಲೂ ಒಳಗಿದೆ.

— ...

— ಚಿಕ್ಕಪ್ಪ.

— ಅದು ಆಲೆಮನೆಯಲ್ಲಿ ಆದದ್ದು. ನನಗೆ ಆರು, ಅವನಿಗೆ ಹತ್ತು. ಕೊಪ್ಪರಿಗೆ ಕುದೀತಿತ್ತು. ನೊರೆಬೆಲ್ಲ ಬಾಳೆ ಎಲೆ ಚೂರಿಗೆ ಹಾಕಿ ಕೊಡ್ತಿದ್ರು. ಅವನಿಗೆ ಮೊದಲು ಕೊಟ್ಟರು ಅಂತ ನಾನು ನೂಕಿದೆ. ಕೈ ಕೊಪ್ಪರಿಗೆ ಕಂಠಕ್ಕೆ ಹೋಯ್ತು. ಅಜ್ಜ ಬಾರುಕೋಲು ಹಿಡಿದು ಬಂದರೆ, 'ಕಾಲು ಜಾರಿತು' ಅಂದ. ಅಷ್ಟೇ. ಆಮೇಲೆ ಆ ವಿಷಯ ನನ್ನ ಹತ್ತಿರವೂ ಎತ್ತಿಲ್ಲ. ನೀನು ಭಾಷಣ ಮಾಡಿ ಬಂದ ದಿನ ನಾವಿಬ್ಬರೂ ಇದೇ ಜಗುಲಿಯಲ್ಲಿ ಇದ್ದೆವು. ನೀನು ಕುಣೀತಾ ಹೇಳಿದೆ. ನಾನು 'ಅಣ್ಣಯ್ಯ' ಅಂತ ಬಾಯಿ ತೆಗೆದೆ. ಅವನು ಕಿವಿ ಕೇಳದವನ ಹಾಗೆ ಎದ್ದು ಬಚ್ಚಲ ಒಲೆ ನೋಡೋಕೆ ಹೋದ.

— ಎಷ್ಟು ಸಲ ನಿಜವಾಗಿ ಕೇಳಿರಲಿಲ್ಲ, ಎಷ್ಟು ಸಲ ಹೀಗೆ...

— ಅದನ್ನೆಲ್ಲ ಅರ್ಜಿಯಲ್ಲಿ ಕೇಳಿಲ್ಲವಲ್ಲ. ಮುಂದಿನದು ಓದು.

— 'ಅರ್ಜಿದಾರಳ ಗುರುತಿನ ಚಿಹ್ನೆ.' ಅಂದರೆ ಇದು ಅಪ್ಪಯ್ಯನದಲ್ಲ. ಅಮ್ಮನದು ಬೇಕು. ಅಮ್ಮನಿಗೆ ಎಲ್ಲಿದೆ ಗುರುತು? ಚಿಕ್ಕಪ್ಪ, ನಿನಗೆ ಗೊತ್ತುಂಟಾ?

— ನನಗೆಲ್ಲಿ ಗೊತ್ತು. ಐವತ್ತೈದು ವರ್ಷ ಒಂದೇ ಮನೆ... ಕರಿ ಅವಳನ್ನ.

— ಅಮ್ಮಾ! ಸ್ವಲ್ಪ ಬಾ ಇಲ್ಲಿ. ಮೈಮೇಲೆ ಎಲ್ಲಾದರೂ ಗಾಯದ ಕಲೆ, ಮಚ್ಚೆ, ಏನಾದರೂ ಉಂಟಾ? ಫಾರಮಿಗೆ ಬೇಕು.

— ಇಕಾ, ಬಲಗೈ. ಹೆಬ್ಬೆರಳಿನ ಬುಡ. ಮೆಟ್ಟುಗತ್ತಿ ತಾಗಿದ್ದು.

— ಇಷ್ಟು ಉದ್ದ! ಇದು ಯಾವಾಗ ಆದದ್ದು?

— ರೇಡಿಯೋದಲ್ಲಿ ಹಡಗು ಮುಳುಗಿತು ಅಂತ ಹೇಳಿದ ರಾತ್ರಿ. ಹೆಬ್ಬೆರಳು ಅಂತ ಬರೀ, ವರ್ಷ ಎಲ್ಲ ಬೇಡ. ಬಚ್ಚಲಲ್ಲಿ ನೀರು ಕಾದಿದೆ, ಇಬ್ಬರೂ ಮಿಂದು ಬನ್ನಿ.